ರೀಸ್ಟಾರ್ಟ್ ಮಾಡದ ಕಂಪ್ಯೂಟರ್

ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ನಾರಾಯಣಖೇಡದ ಫೋಟೊ ಸ್ಟುಡಿಯೋದ ಹಳೇ ಕಂಪ್ಯೂಟರ್‌ಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಸುಮ್ಮನಿದ್ದಾಗ ಪರದೆಯ ಮೇಲೆ ಹಳೇ ಫೋಟೊಗಳು ತಾವಾಗಿಯೇ ಬರಲಿ, ಚೆಂದ ಕಾಣುತ್ತದೆ ಎಂದು ಅದನ್ನೂ ಚಾಲೂ ಮಾಡಿ ಚಹಾ ಕುಡಿಯುತ್ತ ಕೂತೆ.

ತಾಂಡೂರಿಗೆ ಕೊಟ್ಟ ಹೆಣ್ಣುಮಗಳೊಬ್ಬಳು ತವರಿಗೆ ಬಂದವಳು, ಮಗಳ ಪಾಸ್‌ಪೋರ್ಟ್ ಸೈಜ್ ಫೋಟೊಗೆ ಕಾಯುತ್ತಿದ್ದಳು. ಪರದೆಯ ಮೇಲೆ ಮದುವೆಗಳು, ತೊಟ್ಟಿಲುಗಳು ಹಾದುಹೋದವು. ಆಮೇಲೆ ಬಂದದ್ದು ಒಬ್ಬ ಯುವಕನ ಹೆಣ. ಹಣೆತುಂಬ ವಿಭೂತಿ, ಕೊರಳಲ್ಲಿ ಮಾಲೆ, ಗೋಡೆಗೆ ಆನಿಸಿ ಕೂಡಿಸಿದ್ದರು. ಲಿಂಗಾಯತರ ಮನೆಗಳಲ್ಲಿ ಹಾಗೆ ಕೂಡಿಸಿ ಕೊನೇ ಫೋಟೊ ತೆಗೆಸುತ್ತಾರೆ.

"ನಮ್ಮ ತಮ್ಮ," ಎಂದಳು.

ಸ್ಟುಡಿಯೋದವನು ಗಾಬರಿಯಾಗಿ ಮೌಸ್ ಅಲ್ಲಾಡಿಸಿದ. ಚಿತ್ರ ಮಾಯವಾಯಿತು.

"ತಗೀಬ್ಯಾಡ್ರಿ ಅಣ್ಣಾರೆ. ನಾ ಬರೋದ್ರಾಗ ಮಣ್ಣು ಮಾಡಿಬಿಟ್ಟಿದ್ರು. ಅವನ ಮಾರಿನೇ ನೋಡಿಲ್ರಿ ನಾ."

ಹುಡುಕಿ ತೆರೆದುಕೊಟ್ಟೆ. ಆಕೆ ಅಳಲಿಲ್ಲ. ಪರದೆಯ ಧೂಳನ್ನು ಸೆರಗಿನಿಂದ ಒರೆಸಿ, ನೋಡುತ್ತ ಕೂತಳು.

ಅಷ್ಟರಲ್ಲಿ ತಮ್ಮನ ಎದೆಯ ಮೇಲೊಂದು ಚೌಕ ಎದ್ದಿತು: ಅಪ್‌ಡೇಟ್ ಮುಗಿಯಲು ಈಗಲೇ ರೀಸ್ಟಾರ್ಟ್ ಮಾಡಬೇಕೇ?

'ಆಮೇಲೆ' ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು ನಾನೇ.