ಪಿಯಾನೋಗೆ ಬಿಟ್ಟ ಮಗ್ಗದ ಎಣ್ಣೆ

ಬಾಗಲಕೋಟೆಯ ನಮ್ಮ ಸಣ್ಣ ಚರ್ಚಿನಲ್ಲಿ, ಗೋಡೆಗೆ ಒರಗಿ ನಿಂತ ಹಳೆಯ ಪಿಯಾನೋ ಒಂದಿದೆ. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಅದನ್ನು ನುಡಿಸುತ್ತಿದ್ದವರು ನನ್ನ ಅತ್ತೆ. ಹೋದ ವರ್ಷ ಈಸ್ಟರ್‌ಗೆ ಮೂರು ವಾರ ಇರುವಾಗ ಸಭೆಯ ಹಿರಿಯರು ಮನೆಗೆ ಬಂದರು. ಚಹಾ ಕುಡಿದು, ಹೊಸ ಕೀಬೋರ್ಡ್ ತರಿಸೋಣ, ನೀವೂ ದಣಿದಿದ್ದೀರಿ, ಹಳೆಯದನ್ನು ಗುಜರಿಗೆ ಹಾಕೋಣ ಎಂದರು. ಅತ್ತೆಯ ಕೈ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಎರಡು ತಿಂಗಳಿಂದ ಎಲ್ಲರ ಕಿವಿಗೂ ಬೀಳುತ್ತಿತ್ತು: ಒಂದು ಸ್ವರ ನಿಲ್ಲುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ಗೀತೆಯೆಲ್ಲ ಕಲಸಿಹೋಗುತ್ತಿತ್ತು.

ಅತ್ತೆ ಅಂದು ಊಟ ಮಾಡಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಬೆರಳಾಡಿಸುತ್ತ, ಆ ಬೆರಳುಗಳನ್ನೇ ನೋಡುತ್ತ ನಿಂತಿದ್ದರು. ಅವರಿಗೇ ತಮ್ಮ ಕೈಯ ಮೇಲೆ ಅನುಮಾನ ಬಂದಿತ್ತು.

ನಮ್ಮ ಯಜಮಾನರು ಬೆಳಗಾವಿಯಿಂದ ಪಿಯಾನೋ ರಿಪೇರಿಯ ಮಾಸ್ತರೊಬ್ಬರನ್ನು ಕರೆಸಿದರು. ಮುಂದಿನ ಹಲಗೆ ತೆಗೆದು, ಒಳಗೆ ಬೆರಳಾಡಿಸಿ, ಅವರು ಆ ಬೆರಳನ್ನು ಮೂಸಿ ನೋಡಿದರು.

"ಇದಕ್ಕ ಮಷಿನ್ ಎಣ್ಣಿ ಯಾರು ಬಿಟ್ಟೀರಿ?"

ನನ್ನ ತವರು ಇಳಕಲ್ಲಿನ ನೇಕಾರರ ಮನೆ. ಅಲ್ಲಿ ಕಿರುಗುಟ್ಟುವ, ಬಿಗಿದುಕೊಳ್ಳುವ ಯಾವುದಕ್ಕೂ ಮದ್ದು ಒಂದೇ: ಮಗ್ಗದ ಎಣ್ಣೆ. ಕ್ರಿಸ್‌ಮಸ್ ಆದ ಮೇಲೆ ಚರ್ಚು ಗುಡಿಸಲು ಹೋದವಳು, ಪಿಯಾನೋ ಒಳಗೆ ಕಿರುಗುಡುವುದನ್ನು ಕೇಳಿ, ಅತ್ತೆಗೆ ಹಗುರಾಗಲಿ ಎಂದು ಒಳಗಿನ ಕೀಲುಗಳಿಗೆ ಸಾಲು ಹಿಡಿದು ಒಂದೊಂದು ಹನಿ ಬಿಟ್ಟಿದ್ದೆ. ದೇವರ ಮನೆಯ ಸೇವೆಯನ್ನು ಹೇಳಿಕೊಳ್ಳಬಾರದೆಂದು ಯಾರಿಗೂ ಹೇಳಿರಲಿಲ್ಲ.

"ನಾನ ರೀ," ಎಂದೆ. ಅತ್ತೆ ಪಕ್ಕದಲ್ಲೇ ಇದ್ದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನನಗಲ್ಲ, ತಮಗೇ ಹೇಳಿಕೊಂಡರು: "ಅಂದ್ರ ನನ್ನ ಕೈ ಹೋಗಿಲ್ಲ."

ಮಾಸ್ತರು ತಿಳಿಸಿ ಹೇಳಿದರು. ಹೆಚ್ಚುಕಡಿಮೆ ಪ್ರತಿ ಸ್ವರದ ತಂತಿಯ ಮೇಲೆ ಉಣ್ಣೆ ಮೆತ್ತಿದ ಪುಟ್ಟ ಮರದ ತುಂಡು ಒರಗಿರುತ್ತದೆ. ಅದಕ್ಕೆ ಡ್ಯಾಂಪರ್ ಎನ್ನುತ್ತಾರೆ. ಕೀ ಒತ್ತಿದರೆ ಅದು ತಂತಿ ಬಿಡುತ್ತದೆ, ಕೈ ತೆಗೆದರೆ ಬಂದು ಒತ್ತಿ ನಾದ ನಿಲ್ಲಿಸುತ್ತದೆ. ನನ್ನ ಎಣ್ಣೆಗೆ ಅದರ ಕೀಲುಗಳೊಳಗಿನ ಬಟ್ಟೆ ಉಬ್ಬಿ ಹಿಡಿದುಕೊಂಡಿತ್ತು. ಅವರು ಒಂದು ದಿನವೆಲ್ಲ ಕೂತು ತಂತಿಗಳ ಶ್ರುತಿ ಮಾಡಿಕೊಟ್ಟರು. ಡ್ಯಾಂಪರ್ ಅರವತ್ತಕ್ಕೂ ಹೆಚ್ಚಿವೆ, ಎಲ್ಲ ಬಿಚ್ಚಿ ತೊಳೆಯಬೇಕು, ತಮಗೆ ಗೋವಾದಲ್ಲಿ ಕೆಲಸವಿದೆ, ಬರುವುದು ಈಸ್ಟರ್ ಆದ ಮೇಲೆಯೇ ಎಂದರು. ನೀವು ಒಂದನ್ನು ಬಿಚ್ಚಿ ತೋರಿಸಿಕೊಡಿ, ಉಳಿದದ್ದು ನಾನು ಮಾಡುತ್ತೇನೆ ಎಂದೆ.

"ಮಿಕ್ಸರ್ ಮುಚ್ಚಳಾ ನೆಟ್ಟಗ ಹಾಕಾಕ ಬರೂದಿಲ್ಲ ಈಕಿಗೆ," ಎಂದರು ಅತ್ತೆ. "ಕಲಿಸ್ರಿ, ಕಲಿಸ್ರಿ."

ಹಿರಿಯರಿಗೂ ನಾನೇ ಹೋಗಿ ಎಣ್ಣೆಯ ಸಂಗತಿ ಹೇಳಿದೆ. ಅತ್ತೆಯ ಮಾನ ಉಳಿಸಲು ಸೊಸೆ ಕಟ್ಟಿದ ಸುಳ್ಳು ಎಂದುಕೊಂಡರೆಂದು ಅವರ ಮುಖದ ಮೇಲೇ ಕಂಡಿತು. ಈಸ್ಟರ್ ದಿನ ಕೇಳಿಯೇ ನೋಡೋಣ, ಕೀಬೋರ್ಡ್ ಅಂತೂ ತಂದಿಟ್ಟಿರುತ್ತೇವೆ ಎಂದರು.

ದಿನಾ ರೊಟ್ಟಿ ಬಡಿದು, ಪಾತ್ರೆ ತೊಳೆದು, ಮಧ್ಯಾಹ್ನ ಚರ್ಚಿಗೆ ಹೋಗುತ್ತಿದ್ದೆ. ಒಂದರ ಜಾಗಕ್ಕೆ ಇನ್ನೊಂದು ಹೋಗದಂತೆ ಮೊಟ್ಟೆಯ ಟ್ರೇಗಳಲ್ಲಿ ಪೆನ್ಸಿಲ್‌ನಿಂದ ನಂಬರ್ ಬರೆದು, ಬಿಚ್ಚಿದ್ದನ್ನು ಅದರಲ್ಲಿಟ್ಟೆ. ಔಷಧದ ಅಂಗಡಿಯ ಸ್ಪಿರಿಟ್ ಹಾಕಿ ಕೀಲುಗಳನ್ನು ತೊಳೆದು ಒಣಗಿಸಿದೆ. ಒಮ್ಮೆ ಒಂದು ಸ್ಕ್ರೂ ಪಿಯಾನೋ ಹೊಟ್ಟೆಯೊಳಗೆ ಬಿತ್ತು. ಫ್ರಿಜ್ಜಿನ ಬಾಗಿಲಿಗಂಟಿಸುವ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ, ಕಚ್ಚಿಕೊಂಡು ಬಂತು. ಅಷ್ಟಕ್ಕೇ ಅಲ್ಲೇ ಮೊಣಕಾಲೂರಿ ಸ್ತೋತ್ರ ಸಲ್ಲಿಸಿದೆ. ಕರ್ತನು ಕೊಡುವ ಕೃಪೆ ಒಮ್ಮೊಮ್ಮೆ ಸ್ಕ್ರೂವಿನಷ್ಟೇ ಇರುತ್ತದೆ.

ಈಸ್ಟರ್ ಹಿಂದಿನ ದಿನ, ಶನಿವಾರ, ಎಲ್ಲವನ್ನೂ ಕೂರಿಸಿ ಮುಗಿಸಿದೆ. ಒಂದೊಂದೇ ಕೀ ಒತ್ತಿದರೆ ಸರಿಯಾಗಿತ್ತು. ಕಾಲಿನ ಪೆಡಲ್ ಒತ್ತಿದಾಗ ಮಾತ್ರ ಕೆಟ್ಟಿತು. ಅದು ಎಲ್ಲ ಡ್ಯಾಂಪರ್‌ಗಳನ್ನೂ ಒಟ್ಟಿಗೆ ಎಬ್ಬಿಸಬೇಕು, ಒಟ್ಟಿಗೆ ಕೂರಿಸಬೇಕು. ಇಲ್ಲಿ ಕೆಲವು ಅವಸರ ಮಾಡುತ್ತಿದ್ದವು, ಕೆಲವು ಸೋಮಾರಿ. ಕಾಲು ತೆಗೆದರೂ ಎಲ್ಲೋ ಒಂದು ಗುಂಯ್ ಎನ್ನುತ್ತಲೇ ಇತ್ತು. ತಪ್ಪಿದ ಡ್ಯಾಂಪರನ್ನು ಹೊತ್ತಿರುವ ತಂತಿಯ ಕಾಲನ್ನು ಕೂದಲೆಳೆಯಷ್ಟು ಬಗ್ಗಿಸಿ ಎಂದು ಮಾಸ್ತರು ಫೋನಿನಲ್ಲಿ ಹೇಳಿದರು. ಯಾವುದು ತಪ್ಪಿದೆ ಎಂದು ಹಿಡಿಯುವ ಕಿವಿ ನನಗೆಲ್ಲಿಂದ ಬರಬೇಕು?

ಆಗ ನನ್ನವ್ವ ನೆನಪಾದಳು. ಮಗ್ಗದಲ್ಲಿ ಕಾಲು ಒತ್ತಿದರೆ ಹಾಸಿನ ಸಾವಿರಾರು ಎಳೆ ಒಂದೇ ಸಲ ಏಳುತ್ತವೆ. ಒಂದು ಸಡಿಲಾಗಿದ್ದರೂ ಅವ್ವ ಹುಡುಕುತ್ತ ಕೂರುತ್ತಿರಲಿಲ್ಲ. ಬಗ್ಗಿ, ಹಾಸಿನ ಮಟ್ಟಕ್ಕೆ ಕಣ್ಣಿಟ್ಟು, ಬೆಳಕಿಗೆದುರಾಗಿ ನೋಡುತ್ತಿದ್ದಳು. ತಪ್ಪಿದ ಎಳೆ ತಾನೇ ಕಾಣುತ್ತಿತ್ತು.

ಅತ್ತೆಯನ್ನು ಪಿಯಾನೋ ಮುಂದೆ ಕೂರಿಸಿದೆ. ಡ್ಯಾಂಪರ್ ಸಾಲಿನ ಆ ತುದಿಗೆ ಟಾರ್ಚ್, ಈ ತುದಿಗೆ ನನ್ನ ಕಣ್ಣು.

"ಪೆಡಲ್ ಹಗೂರಕ ಒತ್ರಿ ಅತ್ತಿ. ಇನ್ನೂ ಹಗೂರಕ."

"ನನಗ ಪಿಯಾನೋ ಕಲಿಸ್ತೀಯೇನು?" ಎಂದರು, ಆದರೆ ಹಗುರಾಗಿಯೇ ಒತ್ತಿದರು.

ತಪ್ಪಿದವು ಕಂಡವು, ಒಟ್ಟು ಏಳು. ಒಂದೊಂದನ್ನೂ ಬಗ್ಗಿಸಿದೆ, ನೋಡಿದೆ, ಮತ್ತೆ ಬಗ್ಗಿಸಿದೆ. ಕೊನೆಗೊಮ್ಮೆ ಇಡೀ ಸಾಲು ನನ್ನವ್ವನ ಹಾಸಿನಂತೆ ಒಂದೇ ಉಸಿರಿಗೆ ಎದ್ದು, ಒಂದೇ ಉಸಿರಿಗೆ ಕೂತಿತು. ಅತ್ತೆ ಎರಡೂ ಕೈ ಚಾಚಿ ಸ್ವರ ಒತ್ತಿ, ಚರ್ಚು ತುಂಬುವವರೆಗೆ ಕಾದು, ಕಾಲು ತೆಗೆದರು. ನಿಂತಿತು. ಹೊರಗೆ ಗುಬ್ಬಿಗಳ ಸದ್ದು ಕೇಳಿತು.

ಮರುದಿನ ಕೀಬೋರ್ಡ್ ಪ್ಲಾಸ್ಟಿಕ್ ಚೀಲ ಬಿಚ್ಚದೆ ಮೂಲೆಯಲ್ಲಿತ್ತು. ಅತ್ತೆ ಇಳಕಲ್ ಸೀರೆ ಉಟ್ಟು ಕುಳಿತರು. ಮೊದಲ ಗೀತೆಯ ಮೊದಲ ಚರಣ ಮುಗಿದ ಕಡೆ ನಾದ ಕತ್ತರಿಯಿಂದ ಕತ್ತರಿಸಿದಂತೆ ನಿಂತಿತು, ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕು ಚರಣ ಹಾಡಿ ಎಲ್ಲರೂ ಕೂರುವಷ್ಟರಲ್ಲಿ ಅತ್ತೆ ಯಾರನ್ನೂ ಕೇಳದೆ ಮತ್ತೆ ಮೊದಲಿನಿಂದ ಎತ್ತಿಕೊಂಡರು. ಅರ್ಧ ಕೂತಿದ್ದ ಹಿರಿಯರು ಗಡಬಡಿಸಿ ಮತ್ತೆ ಎದ್ದರು. ನಾನು ಅಳುತ್ತ, ನಗುತ್ತ, ಎಲ್ಲರಿಗಿಂತ ಜೋರಾಗಿ ಹಾಡಿದೆ.

ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಅತ್ತೆಯ ಬಳಿ ಬಂದು, ಅಮ್ಮಾರ ಕೈ ತಿರುಗಿ ಬಂತಲ್ಲ ಎಂದರು.

"ಕೈ ಎಲ್ಲಿಗೂ ಹೋಗಿದ್ದಿಲ್ರಿ," ಎಂದರು ಅತ್ತೆ. "ಎಣ್ಣಿ ಬಂದಿತ್ತು."