ಒಳಗೆ ಬಿಟ್ಟ ಬಟ್ಟೆ

ಮಾಸ್ಟರ್ ತನ್ನ ಮೂವತ್ತು ವರ್ಷದ ಹೊಲಿಗೆ ಕಸುಬಿನಲ್ಲಿ ಒಬ್ಬ ಹೆಂಗಸಿನ ಅಳತೆಯನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಟೇಪು ಸುತ್ತುವುದು, ಕಣ್ಣಲ್ಲೇ ಓದಿಕೊಳ್ಳುವುದು, ಪುಸ್ತಕದಲ್ಲಿ ಗೀಚಿ ಮುಚ್ಚಿಡುವುದು, ಅಷ್ಟೇ. ಹೋದ ವರ್ಷ ಹೊಲಿಸಿದ ಅಂಗಿಯೊಳಗೆ ಈ ವರ್ಷ ತೂರಲಾಗದೆ ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಬಂದರೆ, "ಈ ಬಟ್ಟೆನೇ ಹಾಗೆ ಮೇಡಂ, ನೀರಿಗೆ ಬಿದ್ರೆ ಕುಗ್ಗುತ್ತೆ" ಎಂದು ತಪ್ಪನ್ನೆಲ್ಲ ಬಟ್ಟೆಯ ತಲೆಗೆ ಕಟ್ಟಿ, ಒಳಹೊಲಿಗೆ ಬಿಚ್ಚಿ ಒಂದಿಂಚು ಬಿಟ್ಟುಕೊಡುತ್ತಿದ್ದ. ಆ ಪೇಟೆಯಲ್ಲಿ ಅವನಿಗಿಂತ ಚೆನ್ನಾಗಿ ಹೊಲಿಯುವವರು ನಾಲ್ಕು ಜನ ಇದ್ದರು. ಅವನಷ್ಟು ಚೆನ್ನಾಗಿ ಸುಳ್ಳು ಹೇಳುವವರು ಒಬ್ಬರೂ ಇರಲಿಲ್ಲ. ಹೆಂಗಸರೆಲ್ಲ ಅವನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕೇ.

ಹೆಂಡತಿ ಇದಕ್ಕೆ ತದ್ವಿರುದ್ಧ. ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಅವಳ ಗಂಟಲು ಎಂಜಿನ್ನಿಗಿಂತ ಜೋರು. ಬಾಗಿಲಲ್ಲಿ ಜೋತು ಬೀಳುವವರನ್ನು "ಒಳಗೆ ಬನ್ನಿ ಸ್ವಾಮಿ, ಬಾಗಿಲೇನು ನಿಮ್ಮ ಮಾವನ ಮನೆಯದಾ?" ಎಂದು ಗದರಿದರೆ ಇಡೀ ಬಸ್ಸು ನಗುತ್ತಿತ್ತು, ಗದರಿಸಿಕೊಂಡವನೂ ನಗುತ್ತಿದ್ದ. ಬೂದು ಬಣ್ಣದ ಪ್ಯಾಂಟು, ಬೂದು ಕೋಟು ಅವಳ ಸಮವಸ್ತ್ರ. ಡಿಪೋದವರು ಬಟ್ಟೆ ಕೊಡುತ್ತಿದ್ದರು, ಹೊಲಿದು ಕೊಡುತ್ತಿದ್ದವನು ಗಂಡ. ಸೋಮವಾರಕ್ಕೊಮ್ಮೆ ಅವಳ ಬಟ್ಟೆಯನ್ನೆಲ್ಲ ಅಂಗಡಿಗೆ ಒಯ್ದು ತಾನೇ ಇಸ್ತ್ರಿ ಮಾಡಿ ತರುತ್ತಿದ್ದ. ಡಿಪೋದಲ್ಲಿ ಇಷ್ಟು ಒಪ್ಪವಾಗಿ ಬಟ್ಟೆ ತೊಡುವವಳು ಇವಳೊಬ್ಬಳೇ ಎಂದು ಅಧಿಕಾರಿಯೇ ಹೇಳಿದ್ದನಂತೆ. ಆ ಮಾತನ್ನು ಅವಳು ವಾರಗಟ್ಟಲೆ ಮನೆಯಲ್ಲಿ ಹೇಳಿಕೊಂಡು ತಿರುಗಿದ್ದಳು.

ಅವಳ ನಲವತ್ತೇಳನೆಯ ವಯಸ್ಸಿನಲ್ಲಿ ಹೊಟ್ಟೆನೋವು ಶುರುವಾಯಿತು. ಉಂಡ ಒಂದು ಗಂಟೆಗೆ ಹೊಕ್ಕುಳ ಸುತ್ತ ಬರುತ್ತಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ಮಧ್ಯಾಹ್ನವಿಡೀ. ಹೊಟ್ಟೆ ಉಬ್ಬಿಕೊಳ್ಳುತ್ತಿತ್ತು, ಆಮೇಲೆ ತಾನೇ ಇಳಿಯುತ್ತಿತ್ತು. ಮೊದಮೊದಲು ಅವಳು ಬಸ್ಸಿನ ಕಂಬ ಹಿಡಿದು ಹಲ್ಲು ಕಚ್ಚಿ ನಿಂತುಬಿಡುತ್ತಿದ್ದಳು. ಒಂದು ದಿನ ಚಾಲಕನೇ ಬಸ್ಸನ್ನು ಪಕ್ಕಕ್ಕೆ ಹಾಕಿ, "ಅಕ್ಕಾ, ಮೊದ್ಲು ಡಾಕ್ಟರ್ ಹತ್ರ ಹೋಗಿ, ಆಮೇಲೆ ಟಿಕೆಟ್ ಕೊಡಿ" ಎಂದು ಇಳಿಸಿದ.

ಬೀದಿ ಕೊನೆಯ ಡಾಕ್ಟರ್ ಕುಳಿತಲ್ಲಿಂದಲೇ ಹೇಳಿದ, ಗ್ಯಾಸು. ಮಾತ್ರೆ ಬರೆದ. ಎರಡು ತಿಂಗಳು ಮಾತ್ರೆ ನುಂಗಿದಳು. ಅವಳ ಅಕ್ಕ ಫೋನಿನಲ್ಲಿ, "ಹೊತ್ತು ಹೊತ್ತಿಗೆ ಊಟ ಮಾಡಲ್ಲ ನೀನು, ಅದಕ್ಕೇ ಕಣೇ" ಎಂದು ತೀರ್ಪು ಕೊಟ್ಟಳು. ನೋವು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ದೊಡ್ಡಾಸ್ಪತ್ರೆ. ಅಲ್ಲಿ ಹೋದಾಗಲೆಲ್ಲ ಹೊಸ ಡಾಕ್ಟರ್. ಒಬ್ಬ ಪಿತ್ತಕೋಶದಲ್ಲಿ ಕಲ್ಲಿರಬಹುದು ಎಂದ, ಫೋಟೋ ತೆಗೆಸಿದರೆ ಕಲ್ಲಿರಲಿಲ್ಲ. ಇನ್ನೊಬ್ಬ ಮುಟ್ಟು ನಿಲ್ಲುವ ವಯಸ್ಸು ಎಂದ. ಮತ್ತೊಬ್ಬ ಮನೆಯಲ್ಲಿ ಏನಾದರೂ ಚಿಂತೆಯೇ ಎಂದು ಮಾಸ್ಟರನ ಕಡೆ ಓರೆಗಣ್ಣಲ್ಲಿ ನೋಡಿದ. ಅವಳು ಒಬ್ಬೊಬ್ಬರಿಗೂ ಅಡ್ಡಹೆಸರಿಟ್ಟಳು: ಕಲ್ಲು ಡಾಕ್ಟರ್, ವಯಸ್ಸು ಡಾಕ್ಟರ್, ಚಿಂತೆ ಡಾಕ್ಟರ್. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಒಮ್ಮೆ ಹೇಳಿದಳು:

"ಇಪ್ಪತ್ತೆರಡು ವರ್ಷ ನಾನು ಜನಕ್ಕೆ 'ಹಿಂದೇನೇ ಖಾಲಿ ಬಸ್ಸು ಬರ್ತಿದೆ, ಅದಕ್ಕೆ ಹತ್ತಿ' ಅಂತ ಸುಳ್ಳು ಹೇಳಿದೀನಿ ರೀ. ಈಗ ಇವರೆಲ್ಲ ಸೇರಿ ನನಗೆ ಅದನ್ನೇ ಹೇಳ್ತಿದಾರೆ."

ಅವನು ನಕ್ಕ. ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು.

ಪ್ಯಾಂಟಿನ ಸೊಂಟ ಸಡಿಲವಾದದ್ದನ್ನು ಮೊದಲು ಕಂಡವನು ಅವನೇ. ಕಾಣದಿರುತ್ತದೆಯೇ? ಒಂದು ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ಗುಂಡಿ ಹಾಕಿಕೊಳ್ಳುವಾಗ ಹಿಂದೆ ಬಟ್ಟೆ ಎರಡು ಬೆರಳಷ್ಟು ನೆರಿಗೆಯಾಗಿ ನಿಂತಿತ್ತು. ಸೋಮವಾರ ಅಂಗಡಿಯಲ್ಲಿ ಎರಡೂ ಪ್ಯಾಂಟುಗಳ ಪಕ್ಕದ ಹೊಲಿಗೆಯನ್ನು ಅರ್ಧ ಅರ್ಧ ಇಂಚು ಒಳಕ್ಕೆ ಹಿಡಿದ. ಕೋಟನ್ನೂ ಹಿಡಿದ. ಮನೆಯಲ್ಲಿ ತೊಡುವ ಬಟ್ಟೆಗಳನ್ನೂ ಬಿಡಲಿಲ್ಲ. ಹೆಚ್ಚಾದ ಬಟ್ಟೆಯನ್ನು ಮಾತ್ರ ಕತ್ತರಿಸಲಿಲ್ಲ. ಮಡಿಚಿ ಒಳಗೇ ಬಿಟ್ಟ. ವಾಸಿಯಾದ ಮೇಲೆ ಮೈ ತುಂಬಿಕೊಳ್ಳುತ್ತಾಳೆ, ಆಗ ಬಿಚ್ಚಿ ಬಿಟ್ಟುಕೊಟ್ಟರಾಯಿತು ಎಂದುಕೊಂಡ. ಅವಳಿಗೆ ಹೇಳಲಿಲ್ಲ. ಮೊದಲೇ ನೋವು ತಿನ್ನುತ್ತಿದ್ದಾಳೆ, ಇದನ್ನೂ ಹೇಳಿ ಯಾಕೆ ಹೆದರಿಸಲಿ ಎಂಬುದು ಅವನ ಲೆಕ್ಕ. ಹೆಂಗಸರ ಬಟ್ಟೆಯ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ರೂಢಿಯಾಗಿತ್ತು, ಸುಳ್ಳು ಎಂದೇ ಅನ್ನಿಸಲಿಲ್ಲ. ಪ್ರೀತಿ ಅನ್ನಿಸಿತು. ಪ್ರೀತಿಯೇ ಇರಬಹುದು, ಅದರಿಂದ ಆದದ್ದೇನೂ ಕಡಿಮೆಯಾಗುವುದಿಲ್ಲ.

ಎರಡು ತಿಂಗಳಿಗೆ ಮತ್ತೆ ಅರ್ಧ ಇಂಚು. ಆಮೇಲೆ ಮತ್ತೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಕೂರುವ ಕೋಣೆಯ ಮೂಲೆಯಲ್ಲಿ ತೂಕದ ಯಂತ್ರ ಇತ್ತು. ಅದರ ಮೇಲೆ ಫೈಲುಗಳ ಕಟ್ಟು ಸೊಂಟದೆತ್ತರ ಪೇರಿಸಿಟ್ಟಿದ್ದರು. ಅದನ್ನು ಇಳಿಸುವ ತೊಂದರೆ ಯಾರಿಗೆ ಬೇಕು? ಕಲ್ಲು ಡಾಕ್ಟರ್ ಬಾಯಲ್ಲೇ ಕೇಳಿದ:

"ತೂಕ ಏನಾದ್ರೂ ಇಳಿದಿದೆಯೇನಮ್ಮ? ಬಟ್ಟೆ ಗಿಟ್ಟೆ ಸಡಿಲ ಆಗಿದೆಯಾ?"

"ಇಲ್ಲ ಡಾಕ್ಟ್ರೇ, ಹೊಲಿಸಿದಾಗ ಹೇಗಿತ್ತೋ ಹಾಗೇ ಇದೆ" ಎಂದಳು ಅವಳು. ಆಮೇಲೆ ಗಂಡನನ್ನು ತೋರಿಸಿ, "ಬೇಕಾದ್ರೆ ಇವರನ್ನೇ ಕೇಳಿ. ಟೈಲರ್ ಮನೇಲೇ ಇದಾರೆ" ಎಂದು ಹೆಮ್ಮೆಯಿಂದ ನಕ್ಕಳು.

ಡಾಕ್ಟರ್ ತಲೆ ಎತ್ತಿ ಅವನನ್ನು ನೋಡಿದ. ಹೆಂಡತಿಯೂ ನೋಡಿದಳು. ಹೇಳಿಬಿಡಬೇಕಿದ್ದ ಗಳಿಗೆ ಅದು. ನಾಲಿಗೆಯ ತುದಿಯವರೆಗೂ ಬಂತು. ಆದರೆ ಅವಳು ಎದುರಿಗೇ ಕುಳಿತು ಅವನ ಕಣ್ಣಲ್ಲಿ ಕಣ್ಣಿಟ್ಟಿದ್ದಳು.

"ಇಲ್ಲ" ಎಂದ ಮಾಸ್ಟರ್. "ಸರಿಯಾಗೇ ಇದೆ."

ಡಾಕ್ಟರ್ 'ತೂಕದಲ್ಲಿ ವ್ಯತ್ಯಾಸವಿಲ್ಲ' ಎಂದು ಬರೆದ. ಮುಂದೆ ಬಂದವರೆಲ್ಲ ಹಿಂದಿನ ಹಾಳೆ ನೋಡಿ ಅದನ್ನೇ ಇಳಿಸಿಕೊಂಡರು. ಕಣ್ಣೆದುರು ಕೂತ ಹೆಂಗಸನ್ನು ನೋಡುವುದಕ್ಕಿಂತ ಕಾಗದ ನೋಡುವುದು ಸುಲಭ. ಎದುರಿಗಿದ್ದವಳಾದರೂ ಎಷ್ಟು ಒಪ್ಪವಾಗಿದ್ದಳು! ಭುಜದಲ್ಲಿ ಒಂದು ಸುಕ್ಕಿಲ್ಲ, ಸೊಂಟದಲ್ಲಿ ಒಂದು ನೆರಿಗೆ ಇಲ್ಲ. ಕಾಯಿಲೆಯವರು ಹೀಗಿರುತ್ತಾರೆಯೇ ಎಂದುಕೊಂಡು ಚಿಂತೆ ಡಾಕ್ಟರ್ ನಿದ್ದೆ ಮಾತ್ರೆ ಬರೆದುಕೊಟ್ಟ.

ಮನೆಯಲ್ಲಿ ಮಾಸ್ಟರ್ ಅವಳನ್ನು ಕಣ್ಣಿನ ರೆಪ್ಪೆಯಂತೆ ನೋಡಿಕೊಂಡದ್ದು ಸುಳ್ಳಲ್ಲ. ತರಕಾರಿ ಬೇಯಿಸಿ, ಹಿಸುಕಿ, ತುತ್ತು ತುತ್ತಾಗಿ ತಿನ್ನಿಸಿದ. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಆಸ್ಪತ್ರೆಯ ಸಾಲಿನಲ್ಲಿ ಅವಳ ಬದಲು ತಾನು ನಿಂತ. ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟು, ತಣ್ಣಗಾದಾಗ ಬದಲಿಸಿದ. ಡಾಕ್ಟರ್ ಬಳಿ ಹೇಳಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದ: ನೋವು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು, ವಾಂತಿ ಎಷ್ಟು ಸಲ. ಒಂದೇ ಒಂದು ವಿಷಯ ಆ ಚೀಟಿಯಲ್ಲಿ ಇರುತ್ತಿರಲಿಲ್ಲ. ಮೊದಲು ಹೇಳದಿದ್ದದ್ದನ್ನು ಆಮೇಲೆ ಹೇಳುವುದು ಇನ್ನೂ ಕಷ್ಟ. ಹೇಳಿದರೆ, ಅಂದು ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕು. ಹೀಗೆ ಅವನು ಒಂದೂವರೆ ವರ್ಷ ಬಾಯಿಗೆ ಬೀಗ ಹಾಕಿಕೊಂಡ.

ಗುಟ್ಟು ಹೊರಗೆ ಹಾಕಿದವಳು ಒಬ್ಬಳು ವಯಸ್ಸಾದ ನರ್ಸು. ಅವತ್ತು ಬಸ್ಸಿನಲ್ಲೇ ಬವಳಿ ಬಂದು ಬಿದ್ದಿದ್ದ ಹೆಂಡತಿಯನ್ನು ನೇರ ಆಸ್ಪತ್ರೆಗೆ ತಂದಿದ್ದರು. ಮಾಸ್ಟರ್ ಓಡೋಡಿ ಬಂದ. ನರ್ಸು ಅವಳ ಪ್ಯಾಂಟು ತೆಗೆದು ಆಸ್ಪತ್ರೆಯ ನಿಲುವಂಗಿ ತೊಡಿಸಿದಳು. ಆಮೇಲೆ ಪ್ಯಾಂಟು ಮಡಿಚಲು ಹೋದವಳು ತಡೆದು ನಿಂತಳು. ಪಕ್ಕದ ಹೊಲಿಗೆ ಹಗ್ಗದಂತೆ ದಪ್ಪಗಿತ್ತು. ಒಳಮೈ ಹೊರಗೆ ತಿರುಗಿಸಿದಳು. ಒಂದರ ಪಕ್ಕ ಒಂದು ಏಳು ಸಾಲು ಹೊಲಿಗೆ, ಮಡಿಕೆಯ ಮೇಲೆ ಮಡಿಕೆ.

"ಇದೇನಮ್ಮ ಇದು, ಏಳು ಸಲ ಹಿಡಿಸಿದೀಯಾ? ತೂಕ ಇಳಿದೇ ಇಲ್ಲ ಅಂತ ಹಾಳೇಲಿ ಬರೆದಿದೆಯಲ್ಲ?"

ಹೆಂಡತಿ ಪ್ಯಾಂಟನ್ನು ಕೈಗೆ ತೆಗೆದುಕೊಂಡಳು. ಹೊಲಿಗೆಗಳ ಮೇಲೆ ಬೆರಳಾಡಿಸಿದಳು. ಒಂದು, ಎರಡು, ಮೂರು. ಏಳರವರೆಗೂ ಎಣಿಸಿದಳು. ಆ ಕೈ ಯಾರದು ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ, ಇಪ್ಪತ್ತಾರು ವರ್ಷ ಅದೇ ಹೊಲಿಗೆ ತೊಟ್ಟವಳು. ತಲೆ ಎತ್ತಿ ಗಂಡನನ್ನು ನೋಡಿದಳು.

"ನೀನು ಹೆದರ್ಕೊಳ್ತೀಯ ಅಂತ..." ಎಂದ ಮಾಸ್ಟರ್.

ನರ್ಸು ತಾನೇ ಹೋಗಿ ಫೈಲುಗಳನ್ನು ನೆಲಕ್ಕೆ ತಳ್ಳಿ ತೂಕದ ಯಂತ್ರವನ್ನು ಎಳೆದು ತಂದಳು. ಡಿಪೋದ ಹಳೆಯ ಆರೋಗ್ಯ ಚೀಟಿಯಲ್ಲಿದ್ದ ತೂಕಕ್ಕಿಂತ ಹದಿನೇಳು ಕಿಲೋ ಕಡಿಮೆ. ಆಮೇಲೆ ಎಲ್ಲರಿಗೂ ಕಾಲಿಗೆ ಚಕ್ರ ಬಂತು. ಒಂದೂವರೆ ವರ್ಷ ಸಿಗದಿದ್ದ ದೊಡ್ಡ ಸ್ಕ್ಯಾನು ಎರಡು ದಿನದಲ್ಲಿ ಸಿಕ್ಕಿತು. ಸಣ್ಣಕರುಳಿನಲ್ಲಿ ಗಡ್ಡೆ. ದಾರಿಯನ್ನು ಕಟ್ಟಿ ಕೂತಿತ್ತು. ಲಿವರಿಗೂ ಹಬ್ಬಿತ್ತು.

"ಆಪರೇಷನ್ ಮಾಡಿದ್ರೆ ಊಟ ಇಳಿಯುತ್ತೆ, ನೋವು ಕಡಿಮೆ ಆಗುತ್ತೆ" ಎಂದ ಸರ್ಜನ್, ಮೇಜಿನ ಕಡೆ ನೋಡುತ್ತ. "ಆದ್ರೆ ಪೂರ್ತಿ ತೆಗೆಯೋಕೆ ಆಗಲ್ಲ. ಒಂದು ವರ್ಷ ಮುಂಚೆ ಬಂದಿದ್ರೆ ಬೇರೆ ಮಾತು."

"ಬಂದಿದ್ವಿ" ಎಂದಳು ಅವಳು. "ವರ್ಷದ ಹಿಂದೇನೂ ಬಂದಿದ್ವಿ, ಆರು ತಿಂಗಳ ಹಿಂದೇನೂ ಬಂದಿದ್ವಿ. ಇದೇ ಬೆಂಚಿನ ಮೇಲೆ ಕೂತಿದ್ವಿ."

ಸರ್ಜನ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

ಆಪರೇಷನ್ನಿಗೆ ಮುಂದಿನ ವಾರ ಬಂದು ಸೇರಿಕೊಳ್ಳಲು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಎರಡು ದಿನ ಅವಳು ಅವನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಬಾಯಿ ಮಾಡಿದ್ದರೆ, ಬೈದಿದ್ದರೆ, ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಬಳಿ ಕುಳಿತು, ಗಂಡನ ಕಡೆ ತಿರುಗದೆ ಹೇಳಿದಳು:

"ನನಗೇನು ಅನುಮಾನ ಬರಲಿಲ್ಲ ಅಂದ್ಕೊಂಡ್ರಾ? ಕೈ ಸಣ್ಣ ಆಗಿತ್ತು, ಕತ್ತಿನ ಮೂಳೆ ಕಾಣ್ತಿತ್ತು. ಏನೋ ಆಗ್ತಿದೆ ಅಂತ ಹೆದರಿಕೆ ಆದಾಗೆಲ್ಲ ಪ್ಯಾಂಟು ಹಾಕ್ಕೊಂಡು ಕನ್ನಡಿ ಮುಂದೆ ನಿಲ್ತಿದ್ದೆ. ಸರಿಯಾಗೇ ಕೂರ್ತಿತ್ತು. ಹೊಲಿಗೆ ದಪ್ಪಗೆ ಒತ್ತಿದ್ರೂ ತಿರುಗಿಸಿ ನೋಡಲಿಲ್ಲ. ನನ್ನ ಕಣ್ಣು ಸುಳ್ಳು ಹೇಳ್ಬಹುದು, ನಮ್ಮನೆಯವರ ಹೊಲಿಗೆ ಸುಳ್ಳು ಹೇಳಲ್ಲ ಅಂತ ಧೈರ್ಯ ತಂದ್ಕೊಳ್ತಿದ್ದೆ."

ಮಾಸ್ಟರ್ ಗೋಡೆಗೆ ಒರಗಿ ಕುಸಿದು ಕುಳಿತ. ಗಂಡಸು, ಐವತ್ತೆರಡು ವರ್ಷ, ಹೆಂಡತಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ. ಮಾಡಬೇಕು ಎಂದು ಯಾವ ಕಾನೂನೂ ಇಲ್ಲ. ಅವನು ಅತ್ತು ಮುಗಿಸಿದ ಮೇಲೆ ಎದ್ದುಹೋಗಿ ಸಮವಸ್ತ್ರ ತಂದು ಅವನ ಮಡಿಲಿಗೆ ಹಾಕಿದಳು.

"ಬಿಚ್ಚಿ."

"ಯಾವುದನ್ನ?"

"ಎಲ್ಲಾನೂ. ಮೊದ್ಲು ಎಷ್ಟಿತ್ತೋ ಅಷ್ಟಕ್ಕೆ ಬಿಡಿ. ಆಸ್ಪತ್ರೆಗೆ ಅದನ್ನೇ ಹಾಕ್ಕೊಂಡು ಹೋಗ್ತೀನಿ."

ಅವನು ಬಿಚ್ಚಿದ. ಏಳನೆಯದು, ಆರನೆಯದು, ಐದನೆಯದು. ಒಂದೊಂದು ದಾರ ಎಳೆಯುವಾಗಲೂ ಅದನ್ನು ಹಾಕಿದ ದಿನ ನೆನಪಾಗುತ್ತಿತ್ತು. ಇದು ಕಲ್ಲು ಡಾಕ್ಟರ ಹತ್ತಿರ ಹೋಗುವ ಮುಂಚಿನ ವಾರ, ಇದು ನಿದ್ದೆ ಮಾತ್ರೆ ಕೊಟ್ಟ ತಿಂಗಳು. ವಾಸಿಯಾದಾಗ ಬಿಟ್ಟುಕೊಡಲೆಂದು ಒಳಗೆ ಉಳಿಸಿದ್ದ ಬಟ್ಟೆ ಬಣ್ಣ ಮಾಸದೆ ಹೊಸದರಂತೆಯೇ ಇತ್ತು. ಹೊರಗಿನದೆಲ್ಲ ಬಿಸಿಲಿಗೆ, ಒಗೆತಕ್ಕೆ ಬೆಳ್ಳಗಾಗಿತ್ತು.

ಸೇರುವ ದಿನ ಅವಳು ಅದನ್ನೇ ತೊಟ್ಟಳು. ಸೊಂಟವನ್ನು ಒಂದು ಕೈಯಲ್ಲಿ ಮುಷ್ಟಿ ಕಟ್ಟಿ ಹಿಡಿದಿರಬೇಕಾಯಿತು. ಕೋಟಿನೊಳಗೆ ಇನ್ನೊಬ್ಬಳು ಹಿಡಿಸುತ್ತಿದ್ದಳು. ಪಕ್ಕಗಳಲ್ಲಿ ಬಣ್ಣ ಮಾಸದ ಎರಡು ಪಟ್ಟಿ ಎದ್ದು ಕಾಣುತ್ತಿತ್ತು. ಬೀದಿಯಲ್ಲಿ ಜನ ಮಾತು ನಿಲ್ಲಿಸಿ ನೋಡಿದರು. ಅವಳು ಯಾರಿಂದಲೂ ಮುಖ ತಿರುಗಿಸಲಿಲ್ಲ. ಮಾಸ್ಟರ್ ತಲೆ ತಗ್ಗಿಸಿಕೊಂಡು ಚೀಲ ಹೊತ್ತು ಹಿಂದೆ ನಡೆದ.

ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಎಂದಿನಂತೆ ಸಾಲು. ಒಂದೂವರೆ ವರ್ಷ ಅವಳನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದ, ಒಂದು ದಿನವೂ ತಲೆ ಎತ್ತಿ ನೋಡದಿದ್ದ ಗುಮಾಸ್ತ ಅವತ್ತು ಕಿಟಕಿಯಿಂದ ನೋಡಿದವನು ಎದ್ದು ನಿಂತ. ಬಾಗಿಲು ತೆರೆದು ತನ್ನ ಕುರ್ಚಿಯನ್ನೇ ಹೊರಗೆ ತಂದಿಟ್ಟ.

"ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ. ನಿಮ್ಮದು ಮೊದ್ಲು ಮಾಡಿಕೊಡ್ತೀನಿ."

ಸಾಲಿನಲ್ಲಿದ್ದವರೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದರು. ಅವಳು ಕುಳಿತಳು. ಉಸಿರು ಸಮವಾದ ಮೇಲೆ ಗಂಡನ ಕಡೆ ತಿರುಗಿದಳು.

"ನೋಡಿದ್ರಾ? ಇಷ್ಟೇ ಬೇಕಾಗಿದ್ದದ್ದು."

ಅವಳ ಭುಜದಿಂದ ಕೋಟು ಜಾರಿತ್ತು. ಮಾಸ್ಟರನ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ಎತ್ತಿ, ಹಿಂದೆ ಮಡಿಚಿ ಸರಿಮಾಡಲು ನೋಡಿತು. ಅವಳು ಆ ಕೈಯನ್ನು ಹಿಡಿದು ಪಕ್ಕಕ್ಕೆ ತೆಗೆದಿಟ್ಟಳು.