ಮೇಷ್ಟ್ರ ಕೈಗುಣ

ಮೇಷ್ಟ್ರು ಪಾಠ ಹೇಳುತ್ತಿದ್ದುದು ಶಾಲೆಯಲ್ಲಲ್ಲ, ಡ್ರೈವಿಂಗ್ ಸ್ಕೂಲಿನ ಹಳೇ ಕಾರಿನಲ್ಲಿ. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಹೆದರಿ ಬೆವರುವವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಸ್ಟೀರಿಂಗ್‌ನ ಕೋಳಿಮರಿ ಥರ ಹಿಡ್ಕೊಳ್ಳಿ. ಬಿಗಿ ಹಿಡಿದ್ರೆ ಸಾಯುತ್ತೆ, ಸಡಿಲ ಬಿಟ್ರೆ ಓಡಿಹೋಗುತ್ತೆ." ವಾರವೆಲ್ಲ ಹೀಗೆ ಊರಿನ ಗೋಡೆ, ಗೇಟು, ಕರೆಂಟ್ ಕಂಬಗಳ ಪ್ರಾಣ ಉಳಿಸಿ, ರಜಾ ಬಂತೆಂದರೆ ಹೆಲ್ಮೆಟ್ ಹಾಕಿಕೊಂಡು ರೇಸಿಗೆ ಹೊರಡುತ್ತಿದ್ದರು. ಗೆಲ್ಲುತ್ತಲೂ ಇದ್ದರು. "ಕೈಗುಣ ಅಂದ್ರೆ ಮೇಷ್ಟ್ರದು" ಎಂದು ಊರವರ ಮಾತು. ಒಳ್ಳೇ ಡಾಕ್ಟರಿಗೂ ಅಡಿಗೆಯವರಿಗೂ ಸಲ್ಲುವ ಹೊಗಳಿಕೆ ತಮಗೂ ಸಿಕ್ಕಿತಲ್ಲ ಎಂದು ಅವರಿಗೆ ಒಳಗೊಳಗೇ ಹಿಗ್ಗು.

ಒಪ್ಪದವನು ಒಬ್ಬನೇ, ಹೆಂಡತಿಯ ತಮ್ಮ. ರೇಸ್ ಕಾರಿನ ಎಂಜಿನ್ ಬಿಚ್ಚುವವನೂ ಕಟ್ಟುವವನೂ ಅವನೇ.

"ಗಾಡಿ ಓಡುತ್ತೆ ಭಾವ, ನೀವು ಜೊತೇಲಿ ಹೋಗಿ ಬರ್ತೀರಿ ಅಷ್ಟೇ."

"ಹಾಗಾದ್ರೆ ನನ್ನ ಬದಲು ಒಂದು ಮೂಟೆ ಕೂರಿಸು."

"ಮೂಟೆನೇ ವಾಸಿ. ಸ್ಟೀರಿಂಗ್ ಜೊತೆ ಜಗಳ ಆಡಲ್ಲ."

ಊಟಕ್ಕೆ ಕೂತಾಗ ಶುರುವಾದ ವಾದ ಎಂಜಲ ಕೈ ಒಣಗಿದರೂ ಮುಗಿಯುತ್ತಿರಲಿಲ್ಲ. ಮೇಷ್ಟ್ರು ನಕ್ಕುಬಿಡುತ್ತಿದ್ದರು, ಆದರೆ ಮಾತು ನಾಟುತ್ತಿತ್ತು. ಊರೆಲ್ಲ ಹೊಗಳಿ ಏನು ಬಂತು, ಊರಿಗೆ ಎಂಜಿನ್ ಗೊತ್ತೇ? ಕೈಗುಣ ಎಂಬ ಆ ಒಂದು ಮಾತು ಈ ಬಾಮೈದನ ಬಾಯಲ್ಲಿ ಬರಬೇಕಿತ್ತು. ಬದುಕಿನಲ್ಲಿ ಅವರು ಆಸೆಪಟ್ಟಿದ್ದು ಅದೊಂದಕ್ಕೇ ಎಂದರೆ ತಪ್ಪಾಗದು.

ಒಂದು ಬೆಳಗ್ಗೆ ಹೆಂಡತಿ ಬಟ್ಟೆಯಲ್ಲಿ ಹಿಡಿದು ತಂದ ಕಾಫಿ ಲೋಟವನ್ನು ಮೇಷ್ಟ್ರು ಬರಿಗೈಯಲ್ಲಿ ತೆಗೆದುಕೊಂಡು ಆರಾಮವಾಗಿ ಪೇಪರ್ ಓದುತ್ತಿದ್ದರು.

"ರೀ, ಸುಡ್ತಿಲ್ವಾ?"

ಸುಡುತ್ತಿರಲಿಲ್ಲ. ಬೆರಳುಗಳು ಮಾತ್ರ ಕೆಂಪಾಗಿದ್ದವು. ಡಾಕ್ಟರು ಎರಡೂ ಅಂಗೈಗೆ ಸೂಜಿ ಚುಚ್ಚಿ ನೋಡಿ, ವರ್ಷಗಟ್ಟಲೆ ಸ್ಟೀರಿಂಗಿನ ಜೊತೆ ಅದುರಿ ಅದುರಿ ನರ ಸೋತಿದೆ, ರೇಸ್ ಬಿಟ್ಟುಬಿಡಿ ಎಂದರು. ಮೇಷ್ಟ್ರಿಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಯಾರದೋ ಮನೆಯ ಸುದ್ದಿ ಕೇಳಿದಂತೆ ಕೇಳಿಸಿಕೊಂಡು, ದಾರಿಯಲ್ಲಿ ತರಕಾರಿ ಕೊಂಡು ಮನೆಗೆ ಬಂದರು. ಅಂದಿನಿಂದ ಅವರ ಅಂಗಿಯ ಗುಂಡಿ ಹಾಕುವುದು ಹೆಂಡತಿಯ ಕೆಲಸವಾಯಿತು. ಡ್ರೈವಿಂಗ್ ಸ್ಕೂಲಿನಲ್ಲಿ ತೊಂದರೆಯಾಗಲಿಲ್ಲ, ಅಲ್ಲಿ ಬೇಕಾದದ್ದು ಕಾಲು ಮತ್ತು ಬಾಯಿ.

"ನಿನ್ನ ತಮ್ಮನಿಗೆ ಹೇಳ್ಬೇಡ," ಎಂದರು ಒಂದು ದಿನ. "ಇನ್ನೊಂದೇ ಒಂದು ರೇಸ್ ಓಡಿಸ್ತೀನಿ. ಕೈ ಸತ್ತಿದೆ, ಗಾಡಿ ಅದೇ ಇದೆ. ಸೋತ್ರೆ, ಇಷ್ಟು ದಿನ ಗೆದ್ದಿದ್ದು ನನ್ನ ಕೈಯೇ ಅಂತಾಯ್ತಲ್ಲ."

"ಗೆದ್ರೆ?"

"ಗೆದ್ರೆ ಅವನು ಹೇಳಿದ್ದೇ ನಿಜ."

"ಗೋಡೆಗೆ ಗುದ್ದಿದ್ರೆ ಯಾರು ಹೇಳಿದ್ದು ನಿಜ?"

ರೇಸಿನ ದಿನ ಬಂತು. ಮೇಷ್ಟ್ರು ಹೊರಟೇಬಿಟ್ಟರು. ಅವಳು ಮುಖ ಊದಿಸಿಕೊಂಡೇ ಗುಂಡಿ ಹಾಕಿದಳು, ಗ್ಲೌಸಿನೊಳಗೆ ಒಂದೊಂದೇ ಬೆರಳು ತೂರಿಸಿದಳು. ಸೋಲು ಬರಲಿ ಎಂದು ಬೇಡಿಕೊಂಡು ರೇಸಿಗೆ ಹೋದ ಮಹಾನುಭಾವರು ಇವರೊಬ್ಬರೇ ಇರಬೇಕು. ಹಾಗೆಂದು ಬೇಕೆಂದೇ ನಿಧಾನ ಓಡಿಸುವ ಮೋಸ ಅವರಿಗೆ ಒಗ್ಗದು. ಶಕ್ತಿಮೀರಿ ಓಡಿಸಿಯೇ ಸೋಲಬೇಕಿತ್ತು.

ಸ್ಟೀರಿಂಗ್ ಕೈಯಲ್ಲಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಬೇಕೆಂದು ಮೊದಲ ತಿರುವಿನಲ್ಲೇ ಗೊತ್ತಾಯಿತು. ಮೊದಲೆಲ್ಲ ಟೈರು ಜಾರುವ ಮುಂಚೆಯೇ ಅಂಗೈಗೆ ಸುದ್ದಿ ಬರುತ್ತಿತ್ತು, ಅವರು ತಟ್ಟನೆ ಎಳೆದು ಸರಿಮಾಡುತ್ತಿದ್ದರು. ಈಗ ಸುದ್ದಿಯೇ ಇಲ್ಲ. ಬಿಗಿಹಿಡಿಯಲು ಹೋದರೆ ಬೆರಳು ಮಾತು ಕೇಳಲಿಲ್ಲ. ಕಾರಿನ ಹಿಂಭಾಗ ಜಾರಿತು. ಅವರು ಸುಮ್ಮನಿದ್ದರು, ಕಾರು ತಾನೇ ದಾರಿಗೆ ಬಂತು. ಮುಂದಿನ ತಿರುವಿನಲ್ಲೂ ಅಷ್ಟೇ, ಅದರ ಮುಂದಿನದರಲ್ಲೂ ಅಷ್ಟೇ. ಮುಂದಿದ್ದ ಕಾರುಗಳು ಒಂದೊಂದಾಗಿ ಹಿಂದುಳಿದವು. ಮೇಷ್ಟ್ರಿಗೆ ಭಯವೂ ಆಗಲಿಲ್ಲ, ಖುಷಿಯೂ ಆಗಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತವರ ಹಾಗೆ ನೋಡುತ್ತಿದ್ದರು. ಗೆಲುವಿನ ಬಾವುಟ ಬೀಸಿದಾಗ ಮುಂದೆ ಯಾರೂ ಇರಲಿಲ್ಲ.

ಕೊನೆಗೂ ಮೂಟೆಯೇ ಗೆದ್ದಿತು ಎಂದುಕೊಂಡರು. ಇಷ್ಟು ವರ್ಷಗಳ ಗೆಲುವೆಲ್ಲ ಬಾಮೈದನ ಲೆಕ್ಕಕ್ಕೆ ಹೋಯಿತು. ಈಗ ಅವನು ಬಂದು ಹಂಗಿಸಬೇಕು, ಅಷ್ಟು ಬಾಕಿ.

ಬಾಮೈದ ಓಡಿಬಂದ. ಮೈಯೆಲ್ಲ ಗ್ರೀಸು, ಕಣ್ಣಲ್ಲಿ ನೀರು. ಕಾರಿನಿಂದಿಳಿದ ಮೇಷ್ಟ್ರ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ.

"ಸೋತೆ ಭಾವ, ಒಪ್ಕೊಂಡೆ. ಸ್ಟೀರಿಂಗ್ ಜೊತೆ ಜಗಳ ಆಡ್ಬೇಡಿ ಅಂತ ಎಷ್ಟು ವರ್ಷ ಬಾಯಿ ಬಡ್ಕೊಂಡೆ! ಇವತ್ತು ಆಡ್ಲೇ ಇಲ್ವಲ್ಲ ನೀವು! ಎಂಥಾ ಹಗುರ ಕೈ! ಗಾಡಿ ನಾನು ಕಟ್ಟಿದ್ದೇ, ಆದ್ರೆ ಅದು ಹಿಂಗೆ ಓಡಿದ್ದು ನನ್ನಿಂದಲ್ಲ." ಸುತ್ತ ನಿಂತವರ ಕಡೆ ತಿರುಗಿ ಕೂಗಿ ಹೇಳಿದ: "ಕೈಗುಣ ಕಣ್ರೀ ಇದು! ನಮ್ಮ ಭಾವನ ಕೈಗುಣ!"

ಜನರ ಹಿಂದೆ ಹೆಂಡತಿ ನಿಂತಿದ್ದಳು. ಮೇಷ್ಟ್ರು ಅವಳತ್ತ ನೋಡಿದರು. ಅವಳು ಮುಖ ತಿರುಗಿಸಿಕೊಂಡಳು. ಕಾದು ಕಾದು ಸಾಕಾಗಿದ್ದ ಮಾತು ಕಡೆಗೂ ಬಂದಿತ್ತು, ಎದೆಯೊಳಗೆ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಲೇ ಎಂದು ಬಾಯಿ ತೆರೆದರು.

"ಅಯ್ಯೋ, ಸಂಭ್ರಮದಲ್ಲಿ ಗಟ್ಟಿಯಾಗಿ ಹಿಂಡಿಬಿಟ್ನಾ?" ಬಾಮೈದ ನಗುತ್ತಾ ಕೇಳಿದ. "ನೋಯ್ತಿದೆಯಾ ಭಾವ?"

ಮೇಷ್ಟ್ರು ತಲೆ ಬಗ್ಗಿಸಿ ನೋಡಿದರು. ಅವನು ಇನ್ನೂ ಕೈ ಹಿಡಿದೇ ಇದ್ದ.

"ಹೂಂ ಕಣೋ," ಎಂದರು, "ನೋಯ್ತಿದೆ."